ಗಾಲಿಕುರ್ಚಿಯಲ್ಲಿ ನಾನು ಕೂತ ಫೋಟೋ

ಹೊಸ ಜವಾಬ್ದಾರಿಯೊಂದು ಬಂದಾಗ ಅದನ್ನು ಯಾರ ಕೊರಳಿಗೆ ಕಟ್ಟಬೇಕು ಎಂಬುದಕ್ಕೆ ನಮ್ಮ ಕಚೇರಿಯಲ್ಲಿ ಒಂದು ಸನಾತನ ಪದ್ಧತಿ ಇತ್ತು. ಮೀಟಿಂಗಿನ ದಿನ ಯಾರು ರಜೆಯಲ್ಲಿರುತ್ತಾರೋ ಅವರ ಕೊರಳಿಗೆ. ನಾನು ಹಲ್ಲು ಕೀಳಿಸಿಕೊಳ್ಳಲು ಒಂದೇ ಒಂದು ದಿನ ರಜೆ ಹಾಕಿದ್ದೆ. ಮರುದಿನ ದವಡೆಯಲ್ಲಿ ಹತ್ತಿ ಇಟ್ಟುಕೊಂಡು ಬಂದರೆ ಮೇಜಿನ ಮೇಲೆ ಆದೇಶ ಕಾದಿತ್ತು. ಅಂಗವಿಕಲರ ಹಕ್ಕುಗಳ ರಾಷ್ಟ್ರೀಯ ಕಾರ್ಯನೀತಿಯನ್ನು ಈ ಕಟ್ಟಡದಲ್ಲಿ ಜಾರಿಗೆ ತರುವ ನೋಡಲ್ ಅಧಿಕಾರಿ ನಾನಾಗಿದ್ದೆ. ಆಕ್ಷೇಪ ಎತ್ತೋಣವೆಂದರೆ ಬಾಯಿ ತೆರೆಯುವಂತಿರಲಿಲ್ಲ. ಸಾಹೇಬರು ಬಂದು ಕೈಕುಲುಕಿ ಹೋದರು.

ನೋಡಲ್ ಅಧಿಕಾರಿ ಎಂದರೆ, ದಿಲ್ಲಿಯಲ್ಲಿ ಹುಟ್ಟಿದ ಸದುದ್ದೇಶವೊಂದು ಸಚಿವಾಲಯ, ನಿರ್ದೇಶನಾಲಯ, ವಲಯ ಕಚೇರಿ ಎಂದು ಇಳಿಯುತ್ತ ಇಳಿಯುತ್ತ ಕೊನೆಗೆ ಬಂದು ಕೂರುವ ಕುರ್ಚಿ. ಅದಕ್ಕಿಂತ ಕೆಳಗೆ ಅದು ಹೋಗುವಂತಿಲ್ಲ, ಕೆಳಗಿರುವುದು ನೆಲ. ಕಾರ್ಯನೀತಿಯ ಪುಸ್ತಕ ದಪ್ಪವಾಗಿತ್ತು, ಚೆನ್ನಾಗಿಯೂ ಇತ್ತು. ನಾನು ಅದನ್ನು ಪೂರ್ತಿ ಓದಿದೆ. ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ಅಂಧೇರಿಯ ಆ ನಾಲ್ಕು ಮಹಡಿಗಳಲ್ಲಿ ಅದನ್ನು ಓದಿದವನು ನಾನೊಬ್ಬನೇ. ಅಂಗವಿಕಲರಿಗೆ ದಯೆ ತೋರಿಸಬೇಕು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಎಲ್ಲರೂ ಬರುವ ಬಾಗಿಲಿನಿಂದಲೇ ಅವರೂ ಬರುವಂತಿರಬೇಕು, ಯಾರ ಕೈಯನ್ನೂ ಕಾಯದೆ ತಾವೇ ಬರುವಂತಿರಬೇಕು, ಅದು ಅವರ ಹಕ್ಕು ಎಂದಿತ್ತು. ಓದಿ ತಲೆದೂಗಿದೆ. ಆಮೇಲೆ ಕೊನೆಯ ಪುಟಕ್ಕೆ ಲಗತ್ತಿಸಿದ್ದ ನಮೂನೆಯನ್ನು ತುಂಬಲು ಕೂತೆ.

ನಮೂನೆ ಮೂರು ಪ್ರಶ್ನೆ ಕೇಳಿತ್ತು. ರ‍್ಯಾಂಪ್ ಇದೆಯೇ, ಲಿಫ್ಟ್ ಇದೆಯೇ, ಗಾಲಿಕುರ್ಚಿ ಹೋಗುವಷ್ಟು ದೊಡ್ಡ ಶೌಚಾಲಯ ಇದೆಯೇ. ಸರ್ಕಾರದ ಅನ್ನ ಉಂಡು ತಲೆ ನರೆತವರಿಗೆ ಒಂದು ವಿಷಯ ಗೊತ್ತು. ‘ಇಲ್ಲ’ ಎಂದು ಬರೆದರೆ ಏಕಿಲ್ಲ, ಯಾವಾಗ ಆಗುತ್ತದೆ, ತಡಕ್ಕೆ ಯಾರು ಹೊಣೆ ಎಂದು ಪತ್ರ ಬರುತ್ತದೆ. ‘ಹೌದು’ ಎಂದು ಬರೆದರೆ ಯಾವ ಪತ್ರವೂ ಬರುವುದಿಲ್ಲ. ನಾನು ಮೂರಕ್ಕೂ ‘ಹೌದು’ ಎಂದು ಬರೆದೆ. ಸುಳ್ಳು ಬರೆಯಲಿಲ್ಲ. ರ‍್ಯಾಂಪ್ ಇತ್ತು. ಕಟ್ಟಡದ ಹಿಂಭಾಗದಲ್ಲಿ, ಹಳೆಯ ಕಡತಗಳ ಕೈಗಾಡಿಯನ್ನು ರೆಕಾರ್ಡ್ ರೂಮಿಗೆ ಏರಿಸಲು ಮಾಡಿದ್ದು. ಲಿಫ್ಟೂ ಇತ್ತು. ಮುಂಬಾಗಿಲಿನಿಂದ ಒಳಬಂದು ಏಳು ಮೆಟ್ಟಿಲು ಹತ್ತಿದರೆ ಅಲ್ಲಿಂದ ಶುರುವಾಗುತ್ತಿತ್ತು. ರೆಕಾರ್ಡ್ ರೂಮಿನಿಂದ ಲಿಫ್ಟಿನ ಕಡೆಗೆ ಒಂದು ಬಾಗಿಲು ಇದ್ದದ್ದೂ ನಿಜ. ಆದರೆ ಅದಕ್ಕೆ ಅಡ್ಡವಾಗಿ ಕಬ್ಬಿಣದ ರ‍್ಯಾಕುಗಳನ್ನು ಗೋಡೆಗೆ ಬೋಲ್ಟು ಹೊಡೆದು ಕೂರಿಸಿ ಯಾವುದೋ ಕಾಲವಾಗಿತ್ತು. ಶೌಚಾಲಯ ಹೊಚ್ಚಹೊಸದು, ಮುರಿದ ಕುರ್ಚಿಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದೆವು. ಮೂರೂ ಇದ್ದವು. ಒಂದರಿಂದ ಇನ್ನೊಂದಕ್ಕೆ ಹೋಗಬಹುದೇ ಎಂದು ನಮೂನೆ ಕೇಳಿರಲಿಲ್ಲ.

ಅದು ಕೇಳಿದ್ದು ಫೋಟೋ. ರ‍್ಯಾಂಪು ಬಳಕೆಯಲ್ಲಿರುವ ಫೋಟೋ ಬೇಕಂತೆ. ಎದುರಿನ ಗಲ್ಲಿಯ ನರ್ಸಿಂಗ್ ಹೋಮಿನಿಂದ ಒಂದು ಗಾಲಿಕುರ್ಚಿ ಕೇಳಿ ತಂದೆವು. ಸಾಹೇಬರು ರ‍್ಯಾಂಪಿಗೆ ಚೆಂಡುಹೂವಿನ ಮಾಲೆ ಕಟ್ಟಿಸಿ, ತೆಂಗಿನಕಾಯಿ ಒಡೆದರು. ಕುರ್ಚಿಯಲ್ಲಿ ಕೂರಬೇಕಾಗಿದ್ದವನು ನಮ್ಮ ಹಿರಿಯ ಶಿಪಾಯಿ. ಮನೆಯಲ್ಲಿ ಮಗಳ ಲಗ್ನ ನಿಶ್ಚಯವಾಗಿದೆ, ಈಗ ಇಂಥದ್ದರಲ್ಲಿ ಕೂರುವುದು ಶುಭವಲ್ಲ ಎಂದು ಆತ ಮರಾಠಿಯಲ್ಲಿ ವಿನಯದಿಂದ ಹಿಂದೆ ಸರಿದ. ಸಾಹೇಬರು ಸುತ್ತಲೂ ನೋಡಿದರು. ನನ್ನ ಮನೆಯಲ್ಲಿ ಯಾವ ಲಗ್ನವೂ ಇರಲಿಲ್ಲ. ಹೀಗೆ ನಾನು ಕೂತೆ. ಸ್ವಲ್ಪ ನಗಿ ಎಂದರು, ನಕ್ಕೆ. ಕಟ್ಟಡ ಎಲ್ಲರಿಗೂ ಸುಗಮ ಎಂದು ನಾನು ಸಹಿ ಹಾಕಿದ ಪ್ರಮಾಣಪತ್ರದ ಜೊತೆಗೆ ಆ ಫೋಟೋ ಇಲಾಖೆಯ ವೆಬ್‌ಸೈಟಿಗೆ ಏರಿತು. ಮನೆಯಲ್ಲಿ ತೋರಿಸಿದಾಗ ಹೆಂಡತಿ, ‘ಇದೆಂತ ವೇಷ ನಿಮ್ಮದು, ಅಳಿಸಿ ಹಾಕಿ’ ಎಂದಳು. ಅಳಿಸುವ ಅಧಿಕಾರ ನನಗಿರಲಿಲ್ಲ.

ಕೆಲವು ತಿಂಗಳು ಸುಖವಾಗಿ ಕಳೆದವು. ಆಮೇಲೆ ಕೇಂದ್ರ ಕಚೇರಿಯಿಂದ ಒಂದು ಪತ್ರ ಬಂತು. ಅಂಗವಿಕಲರಿಗೆ ಮೀಸಲಾದ ಗುಮಾಸ್ತೆ ಹುದ್ದೆಗಳಿಗೆ ಲಿಖಿತ ಪರೀಕ್ಷೆ ಮುಗಿದಿದೆ, ಪಾಸಾದವರ ಮೂಲ ದಾಖಲೆಗಳ ಪರಿಶೀಲನೆ ಆಗಬೇಕು, ಕಾರ್ಯನೀತಿಯ ಪ್ರಕಾರ ಅದು ಸುಗಮವೆಂದು ಪ್ರಮಾಣಿತವಾದ ಕಟ್ಟಡದಲ್ಲೇ ನಡೆಯತಕ್ಕದ್ದು. ಮುಂಬಯಿಯಲ್ಲಿ ನಮ್ಮ ಇಲಾಖೆಯ ಅಂಥ ಕಟ್ಟಡ ಒಂದೇ ಒಂದು. ನಮ್ಮದು.

ಸಾಹೇಬರಿಗೆ ಸಂತೋಷವಾಯಿತು. ನನಗೆ ಮುಂಬಾಗಿಲಿನ ಏಳು ಮೆಟ್ಟಿಲು ನೆನಪಾದವು. ಆದರೂ ನಾನು ಮಾಡಿದ್ದೇನೆಂದರೆ, ಎರಡನೆಯ ಮಹಡಿಯ ಕೋಣೆಗೆ ಫ್ಯಾನು ಹಾಕಿಸಿದ್ದು, ಕುಡಿಯುವ ನೀರಿಗೆ ಹೊಸ ಲೋಟ ತರಿಸಿದ್ದು, ಗೇಟಿಗೆ ಸ್ವಾಗತದ ಬ್ಯಾನರು ಕಟ್ಟಿಸಿದ್ದು. ಬರುವವರಲ್ಲಿ ಗಾಲಿಕುರ್ಚಿಯವರು ಇರಲಿಕ್ಕಿಲ್ಲ ಎಂದುಕೊಂಡೆ. ಇಷ್ಟು ವರ್ಷದಲ್ಲಿ ಒಬ್ಬರೂ ನಮ್ಮ ಕಟ್ಟಡಕ್ಕೆ ಬಂದದ್ದು ನಾನು ಕಂಡಿರಲಿಲ್ಲ. ಏಕೆ ಕಂಡಿರಲಿಲ್ಲ ಎಂದು ಕೇಳಿಕೊಳ್ಳುವ ಅಭ್ಯಾಸವೂ ಇರಲಿಲ್ಲ.

ಆ ದಿನ ಬೆಳಿಗ್ಗೆಯಿಂದ ಜನ ಬಂದರು. ಊರುಗೋಲಿನವನೊಬ್ಬ ಏಳು ಮೆಟ್ಟಿಲನ್ನು ನನಗಿಂತ ಬೇಗ ಹತ್ತಿ ಹೋದ. ಕಣ್ಣು ಕಾಣದವನೊಬ್ಬ ಅಣ್ಣನ ಭುಜ ಹಿಡಿದು ಹತ್ತಿದ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿತ್ತು. ನಾಲ್ಕು ಗಂಟೆಯೊಳಗೆ ಎರಡನೆಯ ಮಹಡಿಯ ಪರಿಶೀಲನಾ ಸಮಿತಿಯ ಮುಂದೆ ಬೆರಳೊತ್ತು ಕೊಟ್ಟು ಸಹಿ ಮಾಡದವರು ಗೈರುಹಾಜರು. ಗೈರುಹಾಜರಾದರೆ ಹುದ್ದೆ ಹೋಯಿತು, ಪಟ್ಟಿಯಲ್ಲಿನ ಮುಂದಿನವರಿಗೆ. ಮರುಅವಕಾಶ ಇಲ್ಲ ಎಂದು ಆದೇಶದಲ್ಲಿ ದಪ್ಪಕ್ಷರದಲ್ಲಿತ್ತು.

ಎರಡು ಗಂಟೆಗೆ ವಾಚ್‌ಮನ್ ಮೇಲೆ ಬಂದು ಕರೆದ. ಕೆಳಗೆ ಹೋದೆ. ಮೊದಲ ಮೆಟ್ಟಿಲಿನ ಬುಡದಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಇಪ್ಪತ್ತನಾಲ್ಕೋ ಇಪ್ಪತ್ತೈದೋ. ತೊಡೆಯ ಮೇಲೆ ದಾಖಲೆಗಳ ಪ್ಲಾಸ್ಟಿಕ್ ಚೀಲ. ಪಕ್ಕದಲ್ಲಿ ತಾಯಿ, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಮೆಟ್ಟಿಲುಗಳನ್ನು ಶತ್ರುವನ್ನು ನೋಡುವ ಹಾಗೆ ನೋಡುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದಳು.

‘ಭಾಂಡುಪ್‌ದಿಂದ ಇಲ್ಲೀತನಕ ಯಾರೂ ಕೈ ಹಚ್ಚೂದು ಬೇಕಾಗಲಿಲ್ಲ. ಸರಕಾರದ ಬಾಗಲಿಗೆ ಬಂದ್ವಿ, ನಿಂತ್ವಿ.’

ಕನ್ನಡ ಕೇಳಿ ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ‘ಯಾವ ಊರಾಯಿತಮ್ಮ?’

‘ಯಾ ಊರಾದ್ರೇನ್ರಿ ಅಣ್ಣಾರ, ಪಾವಟಿಗಿ ಏಳs ಅದಾವಲ್ಲ’ ಎಂದಳು ಆಕೆ, ನನ್ನ ಕಡೆ ತಿರುಗದೆ.

ಆಮೇಲೆ ಒಂದೊಂದಾಗಿ ತಿಳಿಯಿತು. ವಿಜಯಪುರದ ಕಡೆಯವರು. ತಾಯಿ ಕಟ್ಟಡದ ಕೆಲಸಕ್ಕೆ ಬಂದವಳು, ಮಗಳು ಹುಟ್ಟಿದ್ದೇ ಭಾಂಡುಪಿನಲ್ಲಿ. ಬೆಳಿಗ್ಗೆ ರಿಕ್ಷಾದಲ್ಲಿ ಘಾಟ್‌ಕೋಪರ್, ಅಲ್ಲಿ ಮೆಟ್ರೋದ ಲಿಫ್ಟು, ಅಂಧೇರಿಯಲ್ಲಿ ಇಳಿಯಲು ಮತ್ತೆ ಲಿಫ್ಟು, ಸ್ಟೇಷನ್ನಿನಿಂದ ನಮ್ಮ ಗೇಟಿನವರೆಗೆ ಬಸ್ಸು ರಿಕ್ಷಾಗಳ ನಡುವೆ ತಾನೇ ಗಾಲಿ ತಿರುಗಿಸಿಕೊಂಡು ಬಂದಿದ್ದಳು. ಅವಳ ಅಂಗೈ ಕಪ್ಪಾಗಿತ್ತು.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದವಳು ಮೊಬೈಲು ತೆಗೆದಳು. ‘ಸರ್, ಈ ಫೋಟೋದಲ್ಲಿ ಇರೋದು ನೀವೇ ನಾ?’

ಚೆಂಡುಹೂವು, ಒಡೆದ ಕಾಯಿ, ನಡುವೆ ನಗುತ್ತ ಕೂತ ನಾನು. ಈಗ ನಾನು ಅವಳ ಮುಂದೆ ಎರಡು ಕಾಲ ಮೇಲೆ ನಿಂತಿದ್ದೆ. ಆ ಕಾಲುಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

‘ಹೌದು’ ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಇದನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ತೊದಲು ಕನ್ನಡಕ್ಕೆ ಹಿಂದಿ ಬೆರೆಸಿ, ಏನೋ ಲೆಕ್ಕ ತಪ್ಪಿದ್ದನ್ನು ಹುಡುಕುವವಳ ಹಾಗೆ ಹೇಳಿದಳು: ‘ನಾನು ಎಲ್ಲಿಗೆ ಹೋಗೋದಿದ್ರೂ ಪೆಹಲೆ ಅಮ್ಮನ್ನ ಕಳಿಸಿ ಜಾಗ ನೋಡ್ತೀನಿ. ಅಮ್ಮನಿಗೆ ಒಂದು ದಿನ ಕೆಲಸ ಹೋಗುತ್ತೆ. ಈ ಸಲ ಫೋಟೋ ಇತ್ತು. ಒಬ್ಬರು ವ್ಹೀಲ್‌ಚೇರ್ ಸರ್ ಇದ್ದಾರೆ, ರೋಜ್ ಆಫೀಸಿಗೆ ಹೋಗ್ತಾರೆ, ತೋ ಕಳಿಸೋದು ಬೇಡ ಅಂತ ಅಂದ್ಕೊಂಡೆ.’

ರ‍್ಯಾಂಪ್ ಎಲ್ಲಿ ಎಂದು ಕೇಳಿದಳು. ಹಿಂದಕ್ಕೆ ಕರೆದುಕೊಂಡು ಹೋದೆ. ಎರಡೇ ಎಳೆತಕ್ಕೆ ಮೇಲೇರಿದಳು. ರೆಕಾರ್ಡ್ ರೂಮಿನ ಧೂಳಿನಲ್ಲಿ ಸೀನುತ್ತ ಕೊನೆಯವರೆಗೆ ಹೋಗಿ ರ‍್ಯಾಕುಗಳನ್ನು ನೋಡಿದಳು, ಅವುಗಳ ಸಂದಿಯಲ್ಲಿ ಕಾಣುತ್ತಿದ್ದ ಬಾಗಿಲಿನ ಚೌಕಟ್ಟನ್ನೂ ನೋಡಿದಳು. ಬೋಲ್ಟು ಬಿಚ್ಚಿ ಅಷ್ಟು ಕಡತ ಸರಿಸಲು ಎರಡು ದಿನ ಬೇಕು ಎಂದೆ. ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ಮೂರನೆಯ ಸಲಕ್ಕೆ ಕುರ್ಚಿ ತಿರುಗಿಸಿಕೊಂಡಳು.

‘ರ‍್ಯಾಂಪ್ ಚೆನ್ನಾಗಿದೆ ಸರ್. ಫೈಲ್‌ಗಳಿಗೆ’ ಎಂದಳು.

ಮುಂಬಾಗಿಲಿಗೆ ಮರಳುವಷ್ಟರಲ್ಲಿ ಶಿಪಾಯಿ ಇನ್ನೂ ಮೂವರನ್ನು ಕಲೆಹಾಕಿ ತೋಳು ಮಡಚಿ ನಿಂತಿದ್ದ. ಏಳು ಮೆಟ್ಟಿಲು ಏನು ಮಹಾ, ಕುರ್ಚಿ ಸಮೇತ ಎತ್ತಿಬಿಡುತ್ತೇವೆ ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹುಡುಗಿ ಬೇಡವೆಂದಳು. ಅವನು ನಕ್ಕು, ಬೀಳಿಸುವುದಿಲ್ಲ ಬೇಟಾ ಎಂದ. ಅವಳು ಗಾಲಿಗಳನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಮತ್ತೆ ಬೇಡವೆಂದಳು. ತಾಯಿಗೆ ಸಿಟ್ಟು ಬಂತು. ಎಂಟು ಅಂತಸ್ತಿಗೆ ಉಸುಕು ಹೊತ್ತವಳು ತಾನು, ಮಗಳನ್ನು ಬೆನ್ನ ಮೇಲೆ ಹಾಕಿಕೊಂಡು ಹೋಗಲು ತನಗೇನು ಭಾರವೇ, ಇವಳು ಒಲ್ಲೆ ಎನ್ನುತ್ತಾಳೆ, ಕೈಗೆ ಬಂದ ನೌಕರಿ ಏಳು ಪಾವಟಿಗೆಗೆ ಬಿಡಬೇಕೇ ಎಂದು ನನ್ನನ್ನು ಪಂಚನನ್ನಾಗಿ ಮಾಡಿ ಕೇಳಿದಳು. ಪಂಚ ಲಿಫ್ಟಿನ ಕಡೆ ನಡೆದ.

ಮೇಲೆ ಹೋಗಿ ಸಮಿತಿಯ ಅಧ್ಯಕ್ಷೆಗೆ ವಿಷಯ ತಿಳಿಸಿದೆ. ಕೇಂದ್ರ ಕಚೇರಿಯಿಂದ ಬಂದ ಹೆಂಗಸು, ನ್ಯಾಯವಾಗಿ ಮಾತಾಡುವವರು. ಬೆರಳೊತ್ತಿನ ಯಂತ್ರ ಕೆಳಗೆ ತರಲು ನನಗೇನೂ ಅಡ್ಡಿಯಿಲ್ಲ ಎಂದರು. ಆದರೆ ಆದೇಶದಲ್ಲಿ ಕೋಣೆಯ ನಂಬರು ಇದೆ, ಜಾಗ ಬದಲಿಸಬೇಕಾದರೆ ಕಾರಣ ಬೇಕು, ಕಾರಣವನ್ನು ಈ ಕಟ್ಟಡದ ನೋಡಲ್ ಅಧಿಕಾರಿ ಬರೆದುಕೊಡಬೇಕು. ‘ಆಪ್ ಲಿಖ್ ದೀಜಿಯೆ’ ಎಂದು ಖಾಲಿ ಹಾಳೆಯೊಂದನ್ನು ನನ್ನ ಕಡೆ ಸರಿಸಿದರು.

ಹಾಳೆ ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಬಾಗಿಲು ಹಾಕಲು ಹೇಳಿದರು. ಕಟ್ಟಡ ಸುಗಮವಲ್ಲ ಎಂದು ಬರೆದರೆ ಸುಗಮವೆಂದು ಬರೆದವರ್‍ಯಾರು ಎಂಬ ಪ್ರಶ್ನೆ ಏಳುತ್ತದೆ, ನಿಮಗೆ ನಿವೃತ್ತಿಗೆ ಒಂದು ವರ್ಷವೂ ಇಲ್ಲ ಎಂದು ನೆನಪಿಸಿದರು. ಆಮೇಲೆ ಅವರೇ ಒಂದು ವಾಕ್ಯ ಹೇಳಿ ಬರೆಸಿದರು: ಅಭ್ಯರ್ಥಿಗೆ ಸಿಬ್ಬಂದಿಯ ನೆರವನ್ನು ಒದಗಿಸಲಾಯಿತು, ಅಭ್ಯರ್ಥಿ ಅದನ್ನು ನಿರಾಕರಿಸಿದರು. ಅದರ ಒಂದೊಂದು ಶಬ್ದವೂ ನಿಜ. ಅಷ್ಟು ನಿಜವಾದ ವಾಕ್ಯವನ್ನು ನನ್ನ ನೌಕರಿಯಲ್ಲಿ ನಾನು ಹೆಚ್ಚು ಬರೆದಿಲ್ಲ. ಅದರ ಮೇಲೆ ಅವಳ ಸಹಿ ಬಿದ್ದರೆ ಹುದ್ದೆ ಮುಂದಿನವರಿಗೆ, ನನ್ನ ಕಡತ ಶುಭ್ರ.

ನಾನು ಅದನ್ನು ಬರೆದೆ ಎಂಬುದನ್ನು ಇಲ್ಲಿ ಮುಚ್ಚಿಡಲು ಕಾರಣವಿಲ್ಲ. ನನ್ನ ಅಕ್ಷರ ದುಂಡಗೆ, ಎಂದಿನಂತೆ ಬಂದಿತ್ತು. ಅದನ್ನು ಕೆಳಗೆ ತಂದು ಅವಳ ಕೈಗೆ ಕೊಟ್ಟೆ. ಮೂರು ಗಂಟೆ ದಾಟಿತ್ತು.

ಅವಳು ಎರಡು ಸಲ ಓದಿದಳು. ತಾಯಿಗೆ ನೀರು ತರಲು ಹೇಳಿದಳು. ತಾಯಿ ವಾಚ್‌ಮನ್ ಕಡೆ ಹೋದ ಮೇಲೆ ದನಿ ತಗ್ಗಿಸಿದಳು.

‘ಕಾಲೇಜಿನಲ್ಲಿ ಪರೀಕ್ಷೆ ತೀಸ್ರೆ ಮಾಳಿಗೆಯಲ್ಲಿತ್ತು ಸರ್. ನಾಲ್ಕು ಜನ ಎತ್ತಿದ್ರು. ಎಂಟು ಕೈ. ಕುರ್ಚಿ ಮೇಲೆ ಇದ್ದದ್ದು ಏಳು.’

ತಾಯಿ ಹೋದ ಕಡೆ ಒಮ್ಮೆ ನೋಡಿ ಹೇಳಿದಳು: ‘ಅಮ್ಮನಿಗೆ ಗೊತ್ತಿಲ್ಲ. ನಾನು ಆ ಪೇಪರ್ ಬರೆದೆ, ಪಾಸೂ ಆದೆ. ಮತ್ತೆ ಎತ್ತಿಸ್ಕೊಳ್ಳಲ್ಲ. ಇದರಲ್ಲಿ ಸೈನ್ ಮಾಡ್ಬೇಕು ಅಂದ್ರೆ, ಯಾಕೆ ಬೇಡ ಅಂದೆ ಅಂತಾನೂ ನೀವೇ ಬರೀರಿ.’

ಪೆನ್ನಿಗಾಗಿ ಕೈ ಚಾಚಿದಳು. ಅವಳು ನಿಜವಾಗಿಯೂ ಸಹಿ ಹಾಕಲು ಸಿದ್ಧಳಾಗಿದ್ದಳು. ನಾನು ಹಾಳೆಯನ್ನು ವಾಪಸು ತೆಗೆದುಕೊಂಡೆ. ಧೈರ್ಯದಿಂದಲ್ಲ. ಆ ಎಂಟನೆಯ ಕೈಯನ್ನು ಸರ್ಕಾರಿ ಭಾಷೆಯಲ್ಲಿ ಹೇಗೆ ಬರೆಯುವುದೆಂದು ತಿಳಿಯಲಿಲ್ಲ, ಅಷ್ಟೆ. ಮೇಲೆ ಹೋಗಿ, ಸಾಹೇಬರ ಕೋಣೆಯನ್ನು ದಾಟಿ, ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಹಾಳೆಯ ಹಿಂಬದಿಯಲ್ಲೇ ಬರೆದೆ: ಈ ಕಟ್ಟಡದೊಳಗೆ ಗಾಲಿಕುರ್ಚಿಯವರು ತಾವಾಗಿ ಬರಲು ದಾರಿಯಿಲ್ಲ. ಇದೆಯೆಂದು ನಾನು ಕೊಟ್ಟ ಪ್ರಮಾಣಪತ್ರ ತಪ್ಪು. ಸಮಿತಿಯು ಕೆಳಗೆ ಬರಬೇಕು.

ಅಧ್ಯಕ್ಷೆ ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ಓದಿ, ಕನ್ನಡಕ ತೆಗೆದು ಎದ್ದರು. ವಾಚ್‌ಮನ್ನನ ಮೇಜಿನ ಮೇಲೆ ಯಂತ್ರ ಇಟ್ಟು, ಪಕ್ಕದ ಝೆರಾಕ್ಸ್ ಅಂಗಡಿಯಿಂದ ತಂತಿ ಎಳೆದರು. ಅವಳ ಬೆರಳಿನ ಕಪ್ಪು ಒರೆಸಲು ತಾಯಿ ಸೆರಗು ಒದ್ದೆ ಮಾಡಿದಳು. ಇಡೀ ಪರಿಶೀಲನೆಗೆ ಹತ್ತು ನಿಮಿಷ ಹಿಡಿಯಿತು. ನಾಲ್ಕು ಗಂಟೆಗೆ ಇನ್ನೂ ಸಮಯವಿತ್ತು.

ಇಲ್ಲಿಗೆ ನಿಲ್ಲಿಸಿದರೆ ನನಗೆ ಒಳ್ಳೆಯ ಹೆಸರು ಉಳಿಯುತ್ತದೆ. ಆದರೆ ನಾನು ಬರೆದ ಮೂರು ಸಾಲು ಅಲ್ಲಿಗೆ ನಿಲ್ಲಲಿಲ್ಲ. ನನಗೆ ಮೆಮೋ ಬಂತು, ನನ್ನ ವಿವರಣೆ ಕೇಳಿದರು, ಕೊಟ್ಟೆ, ಎಚ್ಚರಿಕೆ ಕೊಟ್ಟು ಬಿಟ್ಟರು. ಅದೇನೂ ದೊಡ್ಡದಲ್ಲ. ದೊಡ್ಡದು ಬಂದದ್ದು ಅದರ ಹಿಂದೆ. ತಪ್ಪು ಪ್ರಮಾಣಪತ್ರವನ್ನು ಇಲಾಖೆ ಬಹಳ ಗಂಭೀರವಾಗಿ ಪರಿಗಣಿಸಿತು. ನಮ್ಮ ಕಟ್ಟಡವನ್ನು ಸುಗಮ ಕಟ್ಟಡಗಳ ಪಟ್ಟಿಯಿಂದ ತೆಗೆಯಿತು, ಇಲ್ಲಿಗೆ ಗಾಲಿಕುರ್ಚಿ ಬಳಸುವ ಯಾರನ್ನೂ ನೇಮಿಸತಕ್ಕದ್ದಲ್ಲ, ಅವರ ಹಕ್ಕಿಗೆ ಭಂಗ ಬಂದೀತು ಎಂದು ಆದೇಶಿಸಿತು. ಹುಡುಗಿ ಆಯ್ಕೆಯಾದಳು. ಭಾಂಡುಪಿನಿಂದ ಒಂದೂವರೆ ಗಂಟೆಯ ದಾರಿಯಲ್ಲಿ, ನಮ್ಮಲ್ಲೇ, ಖಾಲಿ ಹುದ್ದೆ ಇತ್ತು. ಅವಳಿಗೆ ಕೊಟ್ಟದ್ದು ನಾಗಪುರ.

ಅವಳು ಹೋದಳು. ಬಿಡುವ ಹಾಗಿರಲಿಲ್ಲ. ತಾಯಿ ಕೆಲಸ ಬಿಟ್ಟು ಜೊತೆಗೆ ಹೋದಳು. ಆಗಾಗ ಫೋನು ಮಾಡುತ್ತಾರೆ. ಅಲ್ಲಿನ ಕಚೇರಿ ಚೆನ್ನಾಗಿದೆಯಂತೆ, ಲಿಫ್ಟು ನೆಲದಿಂದಲೇ ಶುರುವಾಗುತ್ತದಂತೆ. ತಾಯಿ ಮಾತ್ರ ಅಲ್ಲಿ ಯಾರನ್ನೂ ಅರಿಯಳು. ಇಡೀ ದಿನ ಬಾಡಿಗೆ ಕೋಣೆಯಲ್ಲಿ ಕೂತು ಮಗಳು ಬರುವುದನ್ನು ಕಾಯುತ್ತಾಳೆ. ಒಮ್ಮೆ ಫೋನು ಕಸಿದುಕೊಂಡು ನನಗೆ ಹೇಳಿದಳು: ‘ಅಣ್ಣಾರ, ನೀವು ಸುಳ್ಳು ಬರದಾಗ ಬಾಗಲತನಕ ಬಂದಿದ್ವಿ. ಖರೆ ಬರದ್ರಿ, ಊರs ಬಿಡಬೇಕಾತು.’ ಆಕೆ ಅದನ್ನು ನಗುತ್ತಲೇ ಹೇಳಿದಳು. ನಾನೂ ನಗಲು ನೋಡಿದೆ.

ನಿವೃತ್ತಿಯಾಗುವ ಮೊದಲು ಮುಂಬಾಗಿಲಿಗೆ ರ‍್ಯಾಂಪ್ ಬೇಕೆಂದು ನಾಲ್ಕು ಪತ್ರ ಬರೆದೆ. ಕೊನೆಯದಕ್ಕೆ ಉತ್ತರ ಬಂತು. ಸದರಿ ಕಟ್ಟಡದಲ್ಲಿ ಗಾಲಿಕುರ್ಚಿ ಬಳಸುವ ಸಿಬ್ಬಂದಿ ಯಾರೂ ಇಲ್ಲದಿರುವುದರಿಂದ ಕಾಮಗಾರಿಗೆ ಆದ್ಯತೆ ನೀಡಲಾಗದು. ಅವಳು ವರ್ಗಾವಣೆ ಕೇಳಿ ಹಾಕಿದ ಅರ್ಜಿಗೂ ಅದೇ ವಾರ ಉತ್ತರ ಬಂದಿತ್ತು. ಸದರಿ ಕಟ್ಟಡದಲ್ಲಿ ರ‍್ಯಾಂಪ್ ಇಲ್ಲದಿರುವುದರಿಂದ ತಮ್ಮನ್ನು ಅಲ್ಲಿಗೆ ನೇಮಿಸಲಾಗದು. ಎರಡರ ಕೆಳಗೂ ಒಂದೇ ಅಧಿಕಾರಿಯ ಸಹಿ. ಅವರು ಒಳ್ಳೆಯವರೇ ಇರಬೇಕು. ಎರಡು ಕಡತಗಳು ಬೇರೆ ಬೇರೆ ದಿನ ಮೇಜಿಗೆ ಬಂದಿರಬಹುದು.

ಹೋದ ತಿಂಗಳು ಎರಡೂ ಉತ್ತರಗಳನ್ನು ಒಟ್ಟಿಗೆ ಲಗತ್ತಿಸಿ ಮೇಲಿನವರಿಗೆ ಒಂದು ಅರ್ಜಿ ಹಾಕೋಣವೆಂದು ಅವಳು ಕೇಳಿದಳು. ಕರಡು ನನ್ನದು, ಸಹಿ ಅವಳದು. ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಎರಡು ಪುಟ ಬರೆದು ಫೋನಿನಲ್ಲಿ ಓದಿದೆ. ‘ಕೃಪೆದೋರಿ’ ಎಂಬುದು ತೆಗೆಯಿರಿ ಸರ್ ಎಂದಳು. ತೆಗೆದೆ. ‘ವಿನಮ್ರವಾಗಿ’ ತೆಗೆಯಿರಿ ಎಂದಳು. ವೃದ್ಧ ತಾಯಿಯ ಕಷ್ಟದ ಪ್ಯಾರಾ ಚೆನ್ನಾಗಿ ಬಂದಿತ್ತು, ಅದನ್ನೂ ತೆಗೆಸಿದಳು. ಅಮ್ಮನಿಗೆ ಕಷ್ಟ ಇಲ್ಲದಿದ್ದರೆ ಮೆಟ್ಟಿಲು ಹಾಗೇ ಇರಬಹುದಾ ಎಂದು ಕೇಳಿದಳು. ಕೊನೆಗೆ ಉಳಿದದ್ದು ನಾಲ್ಕು ಸಾಲು. ಆ ಕಟ್ಟಡದಲ್ಲಿ ಹುದ್ದೆ ಖಾಲಿ ಇದೆ. ನಾನು ಅದಕ್ಕೆ ಅರ್ಹಳು. ಮೊದಲು ನನ್ನನ್ನು ಅಲ್ಲಿಗೆ ನೇಮಿಸಿ. ನಾನು ಬಂದು ಮೆಟ್ಟಿಲಿನ ಬುಡದಲ್ಲಿ ಕೂತು ಕೆಲಸ ಮಾಡುತ್ತೇನೆ, ಆಗ ಸಿಬ್ಬಂದಿ ಇದ್ದಂತಾಯಿತು, ರ‍್ಯಾಂಪ್ ಕಟ್ಟಬಹುದು.

ಇದು ಅರ್ಜಿಯ ರೀತಿಯಲ್ಲ, ಹೀಗೆ ಬರೆದರೆ ಕೋಪಿಸಿಕೊಳ್ಳುತ್ತಾರೆ ಎಂದೆ. ‘ಕೋಪಿಸ್ಕೊಳ್ಳಲಿ ಸರ್, ಓದ್ತಾರಲ್ಲ’ ಎಂದಳು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದಾಳೆ. ತಲುಪಿದ್ದಕ್ಕೆ ರಸೀದಿ ಬಂದಿದೆ. ನಾನು ವಾರಕ್ಕೊಮ್ಮೆ ಅಂಧೇರಿಗೆ ಹೋಗಿ, ಆ ಹುದ್ದೆಯನ್ನು ಬೇರೆ ಯಾರಿಗಾದರೂ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ ಬರುತ್ತೇನೆ. ನಿನ್ನೆಯವರೆಗೆ ಕೊಟ್ಟಿಲ್ಲ.